ರೇಡಾರ್ ಮತ್ತು ತಗಡಿನ ಬಾಗಿಲು

ನನ್ನ ಕೆಲಸದ ಬಗ್ಗೆ ನನಗೆ ಜಂಬವಿದೆ, ಮುಚ್ಚಿಡುವುದಿಲ್ಲ. ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ರೇಡಾರ್, ಪಕ್ಕದಲ್ಲಿ ಬ್ಯಾಟರಿ, ಒಂದು ಲ್ಯಾಪ್‌ಟಾಪ್. ಇಷ್ಟನ್ನೂ ಅರ್ಧ ಗಂಟೆಯಲ್ಲಿ ನಿಲ್ಲಿಸಿಬಿಡುತ್ತೇನೆ. ಗೋಡೆಯೋ ಗುಡ್ಡವೋ ಕೂದಲೆಳೆಯಷ್ಟು ಜರುಗಿದರೂ ಪರದೆಯ ಹಸಿರು ಹಳದಿಯಾಗುತ್ತದೆ. ದೌಂಡದ ರೈಲ್ವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ, "ನಮ್ಮ ಹುಡುಗಿ ಗ್ವಾಡಿ ನಾಡಿ ಹಿಡದು ನೋಡ್ತಾಳ್ರಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನಾನೂ ಅದನ್ನು ನಂಬಿದ್ದೆ.

ಪಿಂಪ್ರಿ-ಚಿಂಚವಾಡದ ಅಂಚಿನಲ್ಲಿ ಗುಡ್ಡ ಕಡಿದು ಕಟ್ಟಡವೊಂದು ಏಳುತ್ತಿತ್ತು. ಗುಡ್ಡದ ಮಣ್ಣು ತಡೆಯಲು ಹಳೆಯದೊಂದು ಕಲ್ಲಿನ ಗೋಡೆ, ಅದರ ಬುಡಕ್ಕೇ ಕೂಲಿಕಾರರ ತಗಡಿನ ಶೆಡ್ಡುಗಳು. ಮಳೆಗಾಲ ಹತ್ತಿರ ಬಂದಿತ್ತು. ಗೋಡೆ ಅಲುಗುತ್ತಿಲ್ಲ ಎಂದು ನಾನು ಬರೆದುಕೊಟ್ಟರೆ ಶೆಡ್ಡಿನವರು ಅಲ್ಲೇ ಇರುತ್ತಾರೆ, ಇಲ್ಲದಿದ್ದರೆ ಎಲ್ಲರನ್ನೂ ಎಬ್ಬಿಸಬೇಕು. ಸೈಟಿನ ಸಾಹೇಬರು ದಿನಕ್ಕೆ ನಾಲ್ಕು ಸಲ ಬಂದು, ವರದಿ ಆಯಿತೇ ಎಂದು ಮರಾಠಿಯಲ್ಲಿ ಕೇಳುತ್ತಿದ್ದರು.

ರೇಡಾರನ್ನು ಗೋಡೆಗೆ ಎದುರಾಗಿ, ಅದರ ಎತ್ತರಕ್ಕೆ ಸಮನಾದ ದಿಬ್ಬದ ಮೇಲೆ ನಿಲ್ಲಿಸಿದ್ದೆ. ಎದುರಿನ ಕಟ್ಟಡದ ನಾಲ್ಕನೆಯ ಮಹಡಿಗೆ ಒಯ್ಯಬಹುದಿತ್ತು. ಲಿಫ್ಟ್ ಇರಲಿಲ್ಲ, ನನ್ನ ಮೊಣಕಾಲಿಗೆ ಮನಸ್ಸಿರಲಿಲ್ಲ. ಎರಡು ದಿನ ಪರದೆ ಹಸಿರಾಗಿಯೇ ಇತ್ತು. ಮೂರನೆಯ ಬೆಳಿಗ್ಗೆ ವರದಿ ಟೈಪು ಮಾಡುತ್ತ ಅವ್ವನ ಜೊತೆ ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದೆ. ಅದು ಕಿವಿಗೆ ಬಿದ್ದು ಕೂಲಿ ಹೆಂಗಸೊಬ್ಬಳು ಬುಟ್ಟಿ ಇಳಿಸಿ ಬಂದಳು.

"ಅಕ್ಕಾರ, ನೀವು ನಮ್ಮ ಕಡೀಯವ್ರೇನ್ರಿ? ನಾವು ಯಾದಗಿರಿ ಕಡೀಯವ್ರು."

"ಹೌದವಾ, ಏನಾಗ್ಬೇಕಿತ್ತು?"

"ನಮ್ಮ ಶೆಡ್ಡಿನ ಬಾಗಲಾ ಹಾಕ್ಲಾಕ ಬರವಲ್ದ್ರಿ. ಮೊನ್ನಿತನಾ ಚಂದ ಇತ್ತು. ಗ್ವಾಡಿ ಇಳೀಲಾಕತ್ಯಾದ ಅನಸ್ತದ."

ನಕ್ಕುಬಿಟ್ಟೆ. ಪರದೆ ತೋರಿಸಿ, "ಇದು ಸುಳ್ಳ ಹೇಳಂಗಿಲ್ಲ. ಬಾಗಲಾ ಬಡಿಗ್ಯಾಗ ತೋರಸು" ಎಂದೆ. ಈಗ ನೆನೆದರೂ ಆ ನಗುವಿಗೆ ನಾಚಿಕೆಯಾಗುತ್ತದೆ.

ಅವಳು ಕದಲಲಿಲ್ಲ. "ಒಮ್ಮಿ ಬಂದು ನೋಡ್ರಿ. ನನ್ನ ಎರಡು ಕೂಸು ಅದರಾಗ ಮಲಗ್ತಾವ."

ಹೋದೆ. ಶೆಡ್ಡಿನ ಮಾಡು ಹೊತ್ತಿದ್ದ ಕಬ್ಬಿಣದ ಪೈಪಿನ ಒಂದು ತುದಿಯನ್ನು ಗೋಡೆಯ ಕಲ್ಲುಗಳ ನಡುವೆ ಹುಗಿದಿದ್ದರು. ಆ ತುದಿ ಕೆಳಗಿಳಿದು, ಪೈಪು ಬಾಗಿಲ ನೆತ್ತಿಯನ್ನು ಒತ್ತುತ್ತಿತ್ತು. ತಗಡಿನ ಮೇಲೆ ಗೀರು ಹೊಸದಾಗಿ ಹೊಳೆಯುತ್ತಿತ್ತು. ತುದಿ ಇಳಿದಿದೆಯೆಂದರೆ ಅದನ್ನು ಹಿಡಿದ ಗೋಡೆಯೂ ಇಳಿದಿದೆ. ರೇಡಾರಿಗೆ ತಿಳಿಯುವುದು ತನ್ನ ಕಡೆಗೆ ಬರುವುದು, ತನ್ನಿಂದ ದೂರ ಹೋಗುವುದು, ಎರಡೇ. ಎದುರಿಗೆ ನಿಂತಲ್ಲೇ ನೆಟ್ಟಗೆ ಇಳಿಯುವ ಗೋಡೆ ಅದಕ್ಕೆ ನಿಂತಂತೆಯೇ ಕಾಣುತ್ತದೆ. ಹೊಸಬರಿಗೆ ಈ ಪಾಠ ಹೇಳುವವಳೇ ನಾನು!

ಯಂತ್ರ ನಾಲ್ಕನೆಯ ಮಹಡಿಗೆ ಹೋಯಿತು. ಬ್ಯಾಟರಿಯನ್ನು ಅವಳೇ ತಲೆಯ ಮೇಲೆ ಸಿಂಬಿ ಇಟ್ಟು ಹೊತ್ತು, ನನಗಿಂತ ಮೊದಲು ಮೇಲೆ ತಲುಪಿದಳು. ಮೇಲಿನಿಂದ ಓರೆಯಾಗಿ ನೋಡಿದಾಗ ಇಳಿಯುವ ಗೋಡೆ ದೂರ ಸರಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಗೋಡೆಯ ಎಡತುದಿ ಹಳದಿಯಾಯಿತು, ಆಮೇಲೆ ಕೆಂಪು. ಸರಿಯಾಗಿ ಅವಳ ಶೆಡ್ಡಿನ ಹಿಂದೆ.

ಸಾಹೇಬರು ಇನ್ನೆರಡು ದಿನ ನೋಡೋಣ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಹಾಗಾದರೆ ಆ ಎರಡು ದಿನ ಆ ಶೆಡ್ಡಿನಲ್ಲಿ ನೀವೇ ಮಲಗಿ ಎಂದು ಅಚ್ಚ ಮರಾಠಿಯಲ್ಲಿ ಹೇಳಿದೆ. ಸಂಜೆಯೊಳಗೆ ಶೆಡ್ಡುಗಳು ಖಾಲಿಯಾದವು. ಅವಳು ಬಾಗಿಲನ್ನು ಬಿಚ್ಚಿಕೊಂಡೇ ಹೋದಳು.

ಮರುದಿನ ಊಟದ ಹೊತ್ತಿಗೆ ಎಡತುದಿ ಕುಸಿದು ಬಿತ್ತು. ಅಡಿಯಲ್ಲಿ ಸಿಕ್ಕಿದ್ದು ಖಾಲಿ ತಗಡು ಮಾತ್ರ. ಸೈಟಿನ ಇನ್ನೊಂದು ಮೂಲೆಯಲ್ಲಿದ್ದ ಅವಳ ಹೊಸ ಶೆಡ್ಡಿಗೆ ಓಡಿದೆ. ಎರಡೂ ಕೂಸುಗಳು ತಾಟಿನ ಮುಂದೆ ಕೂತು ಉಣ್ಣುತ್ತಿದ್ದವು. ಅವಳು ಅದೇ ಬಾಗಿಲನ್ನು ಒಂದೇ ಬೆರಳಿನಿಂದ ತಳ್ಳಿ ತೋರಿಸಿದಳು. "ನೋಡ್ರಿ ಅಕ್ಕಾರ, ಈಗ ಎಷ್ಟು ಹಗುರ ಹಾಕ್ಲಾಕ ಬರ್ತದ." ನಾನು ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟೆ.

ಈಗಲೂ ಅರ್ಧ ಗಂಟೆಯಲ್ಲೇ ರೇಡಾರ್ ನಿಲ್ಲಿಸುತ್ತೇನೆ. ಜಂಬವೂ ಹೋಗಿಲ್ಲ. ಆದರೆ ಪೆಟ್ಟಿಗೆ ಬಿಚ್ಚುವ ಮೊದಲು ಅಲ್ಲಿರುವವರ ಮನೆಗಳಿಗೆ ಹೋಗಿ, ಒಂದೊಂದು ಬಾಗಿಲನ್ನೂ ಹಾಕಿ, ತೆಗೆದು ನೋಡುತ್ತೇನೆ.