ಕಾಂಬಳೆ ಸರ್ ಆಡಿದ ಹೊಸ ಫುಟ್‌ಬಾಲ್

ಕಾಂಬಳೆ ಸರ್ ಬೈಯುತ್ತಿದ್ದುದು ಮರಾಠಿಯಲ್ಲಿ, ಹೊಗಳುತ್ತಿದ್ದುದು ಕನ್ನಡದಲ್ಲಿ. ಚಿಕ್ಕೋಡಿಯ ನಮ್ಮ ಕಾಲೇಜು ಮೈದಾನದಲ್ಲಿ ಅವರ ಧ್ವನಿ ಏಳುತ್ತಿದ್ದಂತೆ, ಭಾಷೆ ಯಾವುದೆಂದು ಕೇಳಿಯೇ ನಮ್ಮ ಆಟ ಹೇಗಿದೆಯೆಂದು ತಿಳಿದುಬಿಡುತ್ತಿತ್ತು. ನಾನು ಮುಗಳಖೋಡದ ಹುಡುಗಿ. ಮರಾಠಿ ಅಷ್ಟಕ್ಕಷ್ಟೆ. ಮೊದಲ ದಿನ ಅವರು ನನ್ನತ್ತ ತಿರುಗಿ "ಡೋಳೇ ಕುಠೇ ಆಹೇತ ತುಝೇ?" ಎಂದು ಕೂಗಿದಾಗ, ಊರು ಎಲ್ಲಿ ಎಂದು ಕೇಳುತ್ತಿದ್ದಾರೆ ಅಂದುಕೊಂಡು "ಮುಗಳಖೋಡರಿ ಸರ್" ಎಂದೆ. ಕಣ್ಣೆಲ್ಲಿವೆ ಎಂದು ಕೇಳಿದ್ದು ಅಂತ ಗೆಳತಿಯರು ತಿಳಿಸಿ ಹೇಳುವಷ್ಟರಲ್ಲಿ ಸರ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅವರು ನಮ್ಮ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು. ನಿಪ್ಪಾಣಿ ಕಡೆಯವರು. ಕುಳ್ಳ ದೇಹ, ದಪ್ಪ ಕುತ್ತಿಗೆ, ಮೊಣಕೈವರೆಗೆ ಮಡಚಿದ ಅಂಗಿ ತೋಳು. ಹುಡುಗಿಯರಿಗೂ ಒಂದು ಫುಟ್‌ಬಾಲ್ ತಂಡ ಬೇಕೆಂದು ಹಟ ಹಿಡಿದು ಕಟ್ಟಿದವರು ಅವರೇ. ಹನ್ನೊಂದು ಜನ ಸಿಗುವುದೇ ಕಷ್ಟವಾಗಿತ್ತು. ಯಡೂರಿನ ಸವಿತಾ ಓಡುತ್ತಾಳೆ, ಅವಳು ಮುಂದೆ ಇರಲಿ; ನನ್ನತ್ತ ಬೆರಳು ತೋರಿಸಿ, ಇವಳು ಎತ್ತರ ಇದ್ದಾಳೆ, ಗೋಲು ಕಾಯಲಿ ಎಂದು ನಮ್ಮನ್ನು ಕಾಲೇಜಿನ ಕಾರಿಡಾರಿನಲ್ಲೇ ಆರಿಸಿದರು.

ಚಡ್ಡಿ ಹಾಕಿ ಆಡಬೇಕೆಂದು ತಿಳಿದ ದಿನ ಅಪ್ಪ ಒಂದೇ ಮಾತಿಗೆ ಬೇಡವೆಂದ. ಅಪ್ಪನದು ಸ್ವಲ್ಪ ಹೊಲ, ನಾಲ್ಕಾರು ಎಮ್ಮೆ, ಕಡಿಮೆ ಮಾತು. ಮರುದಿನ ಸರ್ ನಮ್ಮ ಮನೆಗೇ ಬಂದರು. ಅಪ್ಪ ಮೇವು ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

"ಚೆಂಡ ಹಿಡದು ಏನ್ ಮಾಡ್ತಾಳ್ರಿ ಈಕಿ?"

"ಅದನ್ನ ಹೇಳಿದ್ರ ತಿಳಿಯಾಂಗಿಲ್ರಿ ಮಾಲಕರ. ಒಮ್ಮೆ ಬಂದು ನೋಡ್ರಿ. ನೋಡಿದ ಮ್ಯಾಲೂ ಬ್ಯಾಡ ಅಂದ್ರ, ನಾನ ಆಕೀನ ಕರಕೊಂಡು ಬಂದು ಮನಿ ಮುಟ್ಟಿಸಿ ಹೋಗ್ತೀನಿ."

ಅಪ್ಪ ಬಂದ. ಗೋಲಿನ ಹಿಂದೆ ಎರಡೂ ಕೈ ಬೆನ್ನಿಗೆ ಕಟ್ಟಿ ಆಟ ಮುಗಿಯುವವರೆಗೆ ನಿಂತ. ಬಸ್ಸಿನಲ್ಲಿ ಊರಿಗೆ ಮರಳುವಾಗ ಏನು ಹೇಳುತ್ತಾನೋ ಎಂದು ನಾನು ಕಾಯುತ್ತಿದ್ದೆ. ರಾಯಬಾಗ ದಾಟಿದ ಮೇಲೆ ಅಪ್ಪ ಅಂದದ್ದು ಇಷ್ಟೇ: "ಮೊಣಕಾಲಿಗೆ ಏನರ ಕಟ್ಕೋ. ರಕ್ತ ಬರಾಕತ್ತೈತಿ."

ನಮ್ಮ ಕೊನೆಯ ವರ್ಷ ತಂಡ ಫೈನಲ್ ಮುಟ್ಟಿತು. ಹಿಂದಿನ ದಿನ ಸವಿತಾ ಕಾಲು ಉಳುಕಿಸಿಕೊಂಡಳು. ಸಿಬ್ಬಂದಿ ಕೋಣೆಯಲ್ಲಿ ಒಬ್ಬ ಪ್ರಾಧ್ಯಾಪಕರು ಸರ್‌ಗೆ ಉಪಾಯ ಹೇಳಿದರು: ಕೊಲ್ಹಾಪುರದ ಕಡೆಯ ಒಬ್ಬ ಹುಡುಗಿ ಚೆನ್ನಾಗಿ ಆಡುತ್ತಾಳೆ, ಸವಿತಾಳ ಹೆಸರಿನಲ್ಲಿ ಇಳಿಸಿದರೆ ಯಾರು ಕೇಳುತ್ತಾರೆ? ಬಾಗಿಲಲ್ಲಿ ನಿಂತಿದ್ದ ನಮಗೆ ಸರ್ ಉತ್ತರ ಸ್ಪಷ್ಟವಾಗಿ ಕೇಳಿಸಿತು.

"ಹೆಸರು ಒಬ್ಬಾಕಿದು, ಕಾಲು ಇನ್ನೊಬ್ಬಾಕಿದು? ಆಗಾಂಗಿಲ್ರಿ. ಸೋತ್ರ ನಮ್ಮ ಹುಡುಗ್ಯಾರ ಸೋಲ್ಲಿ."

ಸೋತೆವು. ಅಳುತ್ತಿದ್ದ ನಮ್ಮನ್ನೆಲ್ಲ ಬಸ್ ನಿಲ್ದಾಣದ ಎದುರಿನ ಅಂಗಡಿಗೆ ಕರೆದೊಯ್ದು ಮಿರ್ಚಿ ಭಜಿ ಕೊಡಿಸಿದರು. ನನ್ನ ಕಡೆ ತಿರುಗಿ, "ಎರಡನೇ ಗೋಲಿಗೆ ನಿನ್ನ ಬೆರಳು ತಾಗಿತ್ತು, ನಾ ನೋಡೀನಿ. ಬೆರಳು ತಾಗಿದ್ದು ನಾಳೆ ಕೈಗೆ ಸಿಗತೈತಿ" ಎಂದರು. ಶುದ್ಧ ಕನ್ನಡದಲ್ಲಿ. ನನ್ನ ಅಳು ಅಲ್ಲಿಗೇ ನಿಂತಿತು.

ಮುಂದೆ ನಾನೂ ಅದೇ ಓದು ಓದಿ ಅಥಣಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿಯಾದೆ. ಸರ್ ನಿವೃತ್ತರಾದರು, ಆದರೂ ಸಂಜೆ ಮೈದಾನಕ್ಕೆ ಹೋಗುವುದನ್ನು ಬಿಡಲಿಲ್ಲ. ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಸೋತವು. ಕಾಲೇಜಿನ ಹುಡುಗಿಯರು ಮನೆಗೆ ಬಂದು, ಹೇಳಿಕೊಡುವವರು ಯಾರೂ ಇಲ್ಲ, ಕುಳಿತಾದರೂ ಹೇಳಿಕೊಡಿ ಎಂದು ಬೇಡಿಕೊಂಡರೂ ಸರ್ ಹೊರಬೀಳಲಿಲ್ಲ. ಅವರ ಹೆಂಡತಿ ಸುನಂದಾ ಕಾಕು ನನಗೆ ಫೋನ್ ಮಾಡಿದರು. "ಗ್ವಾಡಿ ನೋಡ್ಕೋತ ಕುಂಡರ್ತಾರವಾ. ಟಿವ್ಹಿ ಸುದ್ದಾ ಹಚ್ಚಗೊಡಾಂಗಿಲ್ಲ. ನೀನರ ಬಾ."

ನನ್ನ ಮನೆಯಲ್ಲಿ ವಿಡಿಯೋ ಗೇಮ್ ಆಡುವ ಪೆಟ್ಟಿಗೆ ಇತ್ತು. ಆಗಷ್ಟೇ ಕಾಲೇಜು ಫುಟ್‌ಬಾಲಿನ ಹೊಸ ಆಟವೊಂದು ಬಂದಿತ್ತು. ಕಾಲೇಜು ಎಂಬ ಮಾತೂ ಇದೆ, ಫುಟ್‌ಬಾಲ್ ಎಂಬ ಮಾತೂ ಇದೆ, ಸರ್‌ಗೆ ಇದಕ್ಕಿಂತ ಬೇರೆ ಏನು ಬೇಕು ಎಂದು ಉತ್ಸಾಹದಲ್ಲಿ ಕೊಂಡು, ತೆರೆದೂ ನೋಡದೆ, ಭಾನುವಾರ ಚಿಕ್ಕೋಡಿಗೆ ಹೋಗಿ ಪೆಟ್ಟಿಗೆಯನ್ನು ಅವರ ಟಿವಿಗೆ ಜೋಡಿಸಿದೆ.

ಮೊದಲು ಕೇಳಿಸಿದ್ದು ಬ್ಯಾಂಡು. ಆಮೇಲೆ ಕ್ರೀಡಾಂಗಣ ತೆರೆದುಕೊಂಡಿತು. ಮೆಟ್ಟಿಲು ಮೆಟ್ಟಿಲಾಗಿ ಜನ, ಎಲ್ಲರಿಗೂ ಒಂದೇ ಬಣ್ಣದ ಅಂಗಿ, ಎಲ್ಲರ ಬಾಯಲ್ಲೂ ಒಂದೇ ಕೂಗು. ಗೋಡೆ ನೋಡುತ್ತಿದ್ದ ಸರ್ ಮೆಲ್ಲನೆ ತಿರುಗಿದರು.

"ಇಷ್ಟು ಮಂದಿ ಎದಕ್ಕ ಬಂದಾರ?"

"ಕಾಲೇಜ್ ಮ್ಯಾಚ್ ನೋಡಾಕರಿ ಸರ್."

"ಕಾಲೇಜ್ ಮ್ಯಾಚಿಗೆ?" ಅವರ ಕಣ್ಣು ಪರದೆಯಿಂದ ಕದಲಲಿಲ್ಲ. ನಮ್ಮ ಪಂದ್ಯಗಳಿಗೆ ಬರುತ್ತಿದ್ದುದು ಚಹಾದವನು ಮತ್ತು ಮೈದಾನದ ಅಂಚಿನಲ್ಲಿ ಮೇಯುತ್ತಿದ್ದ ಎಮ್ಮೆಗಳು. "ಮುಂದ ನಡಸಬ್ಯಾಡ. ಜರಾ ನೋಡೂಣು."

ನೋಡಿ ಮುಗಿದ ಮೇಲೆ ಆಟ ಶುರುವಾಯಿತು, ಜೊತೆಗೆ ನನ್ನ ಫಜೀತಿಯೂ. ಚೆಂಡು ದುಂಡಗಿರಲಿಲ್ಲ. ಆಟಗಾರರು ತಲೆಗೆ ಹೆಲ್ಮೆಟ್ ಹಾಕಿಕೊಂಡು, ಚೆಂಡನ್ನು ಬಗಲಲ್ಲಿ ಒತ್ತಿಕೊಂಡು ಓಡುತ್ತಿದ್ದರು. ಅದು ಅಮೆರಿಕದವರ ಫುಟ್‌ಬಾಲ್.

"ಲೇ ಪೋರಿ, ಇದೇನಿದು? ಕೈಯಾಗ ಹಿಡಕೊಂಡು ಓಡಾಕತ್ತಾರ! ಇದಕ್ಕ ಫುಟ್‌ಬಾಲ್ ಅಂತ ಹೆಸರಿಟ್ಟ ಶಾಣ್ಯಾ ಯಾರು?"

ಲಕ್ವ ಹೊಡೆದ ಮೇಲೆ ಅವರು ನಕ್ಕದ್ದು ಅದೇ ಮೊದಲು ಎಂದು ಕಾಕು ಆಮೇಲೆ ಹೇಳಿದರು. ನಾನು ನಿಯಮಗಳನ್ನು ಓದಿ ಓದಿ ತಿಳಿಸಿದೆ: ನಾಲ್ಕು ಪ್ರಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಸರ್ ತುಸು ಹೊತ್ತು ನೋಡಿದರು. "ತಿಳೀತು. ಇದು ಕಬಡ್ಡಿಯ ತಮ್ಮ. ಗೆರಿ ದಾಟಬೇಕು, ಹಿಡದು ಕೆಡವಬೇಕು. ಇಲ್ಲೆ ತಾ ಆ ರಿಮೋಟ್."

ಕಾಲೇಜನ್ನು ಆರಿಸಿಕೊಳ್ಳುವಾಗ ಬಲಶಾಲಿ ತಂಡಗಳು ಮೇಲೆ ಸಾಲಾಗಿ ಹೊಳೆಯುತ್ತಿದ್ದವು. ಸರ್ ಎಲ್ಲವನ್ನೂ ದಾಟಿ ತಳಕ್ಕೆ ಹೋಗಿ ಕಟ್ಟಕಡೆಯದನ್ನು ಒತ್ತಿದರು. "ಮ್ಯಾಲಿನವರಿಗೆ ನಾ ಎದಕ್ಕ ಬೇಕು?"

ಆದರೆ ಆಟದ ರಿಮೋಟಿನಲ್ಲಿ ಓಡಿಸುವ ಗುಂಡಿ ಎಡ ಹೆಬ್ಬೆರಳಿನ ಕೆಳಗಿತ್ತು. ಆ ಬೆರಳು ಅವರ ಮಾತು ಕೇಳುತ್ತಿರಲಿಲ್ಲ. ಅವರ ಆಟಗಾರ ಮತ್ತೆ ಮತ್ತೆ ವಾರೆಯಾಗಿ ಓಡಿ ಗೆರೆಯಾಚೆ ಬೀಳುತ್ತಿದ್ದ. ಸರ್ ಮುಖ ಕಪ್ಪಿಟ್ಟಿತು. ರಿಮೋಟನ್ನು ಹಾಸಿಗೆಯ ಮೇಲೆ ಎಸೆದು "ಒಯ್ಯಿ ಇದನ್ನ" ಎಂದರು. ಕಾಕು ಬಾಗಿಲಲ್ಲೇ ನಿಂತುಬಿಟ್ಟರು.

ನಾನು ಒಯ್ಯಲಿಲ್ಲ. ಬರೀ ತರಬೇತುದಾರನಾಗಿ ಆಡುವ ದಾರಿಯೂ ಅದರಲ್ಲಿತ್ತು. ಅದನ್ನು ಹುಡುಕಿ ತೆಗೆದೆ. ಯಾರು ಎಲ್ಲಿ ನಿಲ್ಲಬೇಕು, ಎತ್ತ ಓಡಬೇಕು ಎಂದು ಆರಿಸಿದರೆ ಸಾಕು, ಹುಡುಗರು ತಾವೇ ಆಡುತ್ತಾರೆ. ಸರ್ ಓರೆಗಣ್ಣಿನಿಂದ ನೋಡುತ್ತಿದ್ದರು.

"ಅಂವಾ ಯಾರು, ಗೆರಿ ಹೊರಗ ನಿಂತಾಂವ?"

"ಅವರ ಕೋಚ್ರಿ. ನೀವ."

"ಚೆಂಡ ಮುಟ್ಟಾಂಗಿಲ್ಲ?"

"ಇಲ್ರಿ. ಬರೇ ಹೇಳ್ತಾನ."

ಸರ್ ಬಲಗೈ ಚಾಚಿದರು.

ಆ ದಿನ ಹೀನಾಯವಾಗಿ ಸೋತರು. ಮುಂದಿನ ಭಾನುವಾರ ಇನ್ನೂ ಸ್ವಲ್ಪ ಗೌರವದಿಂದ ಸೋತರು. ಚೆಂಡು ಹಿಡಿಯುವ ಒಬ್ಬ ತೆಳ್ಳನೆಯ ಹುಡುಗನಿಗೆ, ಸವಿತಾಳ ಹಾಗೆ ಓಡುತ್ತಾನೆಂದು, ಯಡೂರ ಎಂದು ಹೆಸರಿಟ್ಟರು. ಅವನು ಮೊದಲ ಸಲ ಕೊನೆಯ ಗೆರೆ ದಾಟಿದಾಗ ಸರ್ ಕೂಗಿದ್ದಕ್ಕೆ ಪಕ್ಕದ ಮನೆಯವರು ಗಾಬರಿಯಾಗಿ ಓಡಿಬಂದರು. ಅದಾಗಿ ಸ್ವಲ್ಪ ದಿನಕ್ಕೆ ಕಾಕು ಫೋನ್ ಮಾಡಿ, "ರಿಕ್ಷಾ ತರಿಸಿ ಗ್ರೌಂಡಿಗೆ ಹೋಗ್ಯಾರವಾ. ಖುರ್ಚಿನೂ ಒಯ್ದಾರ" ಎಂದರು. ಹೇಳುತ್ತ ಅತ್ತರು. ಆ ವರ್ಷ ಹುಡುಗಿಯರ ತಂಡ ಪಂದ್ಯಾವಳಿಗೆ ಹೋಯಿತು, ಎರಡು ಸುತ್ತು ಗೆದ್ದೂ ಬಂತು.

ಚಳಿಗಾಲದಲ್ಲಿ ಎರಡನೇ ಸಲ ಲಕ್ವ ಹೊಡೆಯಿತು. ಈ ಸಲ ಸರ್ ಉಳಿಯಲಿಲ್ಲ.

ಅದಕ್ಕೆ ಹದಿನೈದು ದಿನ ಮೊದಲು ನಾನು ಹೋಗಿದ್ದೆ. ಆಟದಲ್ಲಿ ಅವರ ತಂಡದ ಹಂಗಾಮು ಮುಗಿದಿತ್ತು. ಪರದೆಯ ಮೇಲೆ ಕೆಲವು ಹೆಸರುಗಳು ಬಂದವು. ಅದರಲ್ಲಿ ಯಡೂರನೂ ಇದ್ದ.

"ಇವರಿಗೆ ಏನಾತು?"

"ಡಿಗ್ರಿ ಮುಗೀತ್ರಿ ಸರ್. ಇನ್ನ ಆಡಾಂಗಿಲ್ಲ, ಹೋಗ್ತಾರ."

"ಇಷ್ಟ ಕಲಿಸಿದ ಮ್ಯಾಲ?"

"ಕಾಲೇಜ್ ಅಲ್ಲೇನ್ರಿ ಸರ್ ಇದು?"

ಅವರು ನನ್ನನ್ನೇ ನೋಡಿದರು. ಲಕ್ವ ಹೊಡೆದ ಮೇಲೆ ತುಟಿಯ ಒಂದು ಬದಿಯಲ್ಲಷ್ಟೇ ಏಳುತ್ತಿದ್ದ ನಗು ಎದ್ದಿತು.

"ಹೌದಲಾ. ಹೋಗಬೇಕು. ಛಲೋ ಆಡಿದ್ರು." ಬಲಗೈ ಹೆಬ್ಬೆರಳಿನಿಂದ ಗುಂಡಿ ಒತ್ತಿ ಆ ಹೆಸರುಗಳನ್ನು ದಾಟಿಸಿದರು. ಆಮೇಲೆ ದಿಂಬಿಗೆ ಒರಗಿದ್ದವರು ನೆಟ್ಟಗೆ ಕುಳಿತು, "ಹೊಸಬರು ಯಾರ‍್ಯಾರು ಬಂದಾರ, ತೋರ್ಸು" ಎಂದರು.