ನೀವು ಒತ್ತಿದ್ದು ಬ್ರೇಕನ್ನೇ

ಗಿರಿಜಮ್ಮ, ಆ ದಿನ ನಿಮ್ಮ ಕಾಲು ತಪ್ಪಲಿಲ್ಲ. ನೀವು ಒತ್ತಿದ್ದು ಬ್ರೇಕನ್ನೇ. ಅದು ಹಿಡಿಯದೆ ಹೋದದ್ದು ನಾನು ಮಾಡಿದ ಕೆಲಸದಿಂದ. ನನಗದು ಆ ಗಳಿಗೆಯಲ್ಲೇ ಗೊತ್ತಾಯಿತು — ಮೂರು ವರ್ಷದಿಂದ ಗೊತ್ತಿದೆ.

ಇದನ್ನು ನಿಮಗೊಬ್ಬರಿಗೇ ಹೇಳಿ ಮುಗಿಸಬಹುದಿತ್ತು. ಆದರೆ ನಿಮ್ಮನ್ನು ನೋಡಿ ನಕ್ಕವರು ಹಲವರು. ನಾನೂ ಅವರ ನಡುವೆ ಕೂತು ನಕ್ಕಿದ್ದೇನೆ. ಮೈಸೂರಿನಲ್ಲಿ ಇಪ್ಪತ್ತೆರಡು ವರ್ಷ ಪತ್ರಿಕೆಯ ಡೆಸ್ಕಿನಲ್ಲಿದ್ದವನು ನಾನು. ತಪ್ಪು ಎಷ್ಟು ಜನರ ಮುಂದೆ ಹೋಯಿತೋ ತಿದ್ದುಪಡಿಯೂ ಅಷ್ಟೇ ಜನರ ಮುಂದೆ ಹೋಗಬೇಕು ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದೆ. ಹಾಗಾಗಿ ನಿಮ್ಮನ್ನು ಅರಿಯದವರಿಗೂ ತಿಳಿಯುವಂತೆ ಮೊದಲಿನಿಂದ ಬರೆಯುತ್ತೇನೆ.

ಕ್ಲಾರ್ಕ್ಸ್‌ಬರ್ಗ್ ದಾಟಿದ ಮೇಲೆ, ಅಮೆರಿಕಕ್ಕೆ ಬಂದ ನೀವು ಗುತ್ತಿಗೆಗೆ ಹಿಡಿದ ಎರಡು ಎಕರೆ. ಅವರೆ, ಹೀರೆ, ಗುಂಡುಬದನೆ, ದಂಟು. ಬೆಳೆದದ್ದನ್ನು ನಲವತ್ತು ವರ್ಷ ಹಳೆಯ ಒಂದು ಸಣ್ಣ ಡೀಸೆಲ್ ಟ್ರಕ್ಕಿಗೆ ತುಂಬಿ, ನೀವೇ ಓಡಿಸಿಕೊಂಡು ಗೈದರ್ಸ್‌ಬರ್ಗಿನ ಮನೆಮನೆಗೆ ಕೊಡುತ್ತಿದ್ದಿರಿ. ಅವರೆಯ ಕಾಲದಲ್ಲಿ ಒಬ್ಬರೇ ಜಾರ್ಜಿಯಾದ ಅಟ್ಲಾಂಟಾ ಪಕ್ಕದ ಸುವಾನಿಯವರೆಗೆ, ತಂಗಿಯ ಮನೆಗೆ. ದಿನವಿಡೀ ದಾರಿ. ಆಮೇಲೆ ಎಡಮಂಡಿಯ ಆಪರೇಷನ್ ಆಯಿತು. ಇನ್ನು ಕ್ಲಚ್ ತುಳಿಯುವ ಹಾಗಿಲ್ಲ ಎಂದರು ಡಾಕ್ಟರು. ಬೇರೆ ಗಾಡಿ ತಗೊಳ್ಳೋಣ ಎಂದ ನಿಮ್ಮ ಯಜಮಾನ ಶಿವಣ್ಣನವರಿಗೆ ನೀವು ಹೇಳಿದ್ದು ನನಗಿನ್ನೂ ನೆನಪಿದೆ: "ಗೇರ್‌ಬಾಕ್ಸ್ ಬೇಕಾದ್ರೆ ಬದಲಾಯ್ಸಿ. ಗಾಡಿ ಮಾತ್ರ ಮುಟ್ಬೇಡಿ."

ಶಿವಣ್ಣ ಮುಟ್ಟಲಿಲ್ಲ. ಯಂತ್ರದ ಬಿಡಿಭಾಗ ಕಡೆಯುವುದೇ ಅವರ ಉದ್ಯೋಗ. ನಾವಿಬ್ಬರೂ ಹೋಗಿ ನಾರ್ತ್ ಕೆರೊಲಿನಾದ ಷಾರ್ಲೆಟ್ ಹತ್ತಿರದ ಗುಜರಿಯೊಂದರಿಂದ ಅದೇ ಕಾಲದ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ತಂದೆವು. ಅದು ಪೆಟ್ರೋಲ್ ಇಂಜಿನ್ನಿಗಾಗಿ ಮಾಡಿದ್ದು. ವಾಪಸು ಬರುವಾಗ, ನಾರ್ತ್ ಕೆರೊಲಿನಾ ಇನ್ನೂ ಮುಗಿದಿರಲಿಲ್ಲ, ಶಿವಣ್ಣ ನನಗೆ ಪಾಠ ಮಾಡಿದರು.

"ಪೆಟ್ರೋಲ್ ಇಂಜಿನ್ ಗಾಳಿ ಎಳ್ಕೊಳುತ್ತಲ್ಲ ಸಾರ್, ಆ ಎಳೆತ ನೋಡ್ಕೊಂಡೇ ಈ ಗೇರ್‌ಬಾಕ್ಸು ಭಾರ ಎಷ್ಟಿದೆ ಅಂತ ತಿಳ್ಕೊಳೋದು. ಡೀಸೆಲ್‌ಗೆ ಆ ಎಳೆತಾನೇ ಇಲ್ಲ. ಇವನು ಮಾತಾಡಲ್ಲ, ಅವಳಿಗೆ ಕಿವಿ ಕೇಳಲ್ಲ. ಮಧ್ಯೆ ಒಬ್ಬ ಮದುವೆ ಬ್ರೋಕರ್ ಬೇಕು, ಎಡಿಟರ್ ಸಾಹೇಬ್ರೇ!"

ಬ್ರೋಕರ್ ಎಂದರೆ ಒಂದು ಪುಟ್ಟ ವಾಲ್ವು. ಅದಕ್ಕೂ ಎಳೆತ ಬೇಕು. ಟ್ರಕ್ಕಿನಲ್ಲಿ ಎಳೆತ ಹುಟ್ಟಿಸುವುದು ಒಂದೇ ಒಂದು ಸಣ್ಣ ಪಂಪು, ಅದಿರುವುದು ಬ್ರೇಕಿಗಾಗಿ. ಆ ಎಳೆತದ ಬಲ ಇದ್ದರೆ ಪೆಡಲು ಮೆತ್ತಗೆ ಇಳಿಯುತ್ತದೆ. ಇಲ್ಲದಿದ್ದರೆ ಎಷ್ಟು ತುಳಿದರೂ ಜಗ್ಗದು.

ನನ್ನ ಕೆಲಸ ಬರೆಯುವುದು. ಯಾವ ದಿನ ಏನು ಬಿಚ್ಚಿದೆವು, ಏನು ಹಾಕಿದೆವು — ಎಲ್ಲವೂ ನೋಟ್‌ಬುಕ್ಕಿನಲ್ಲಿ. "ನೀವು ಬರೆದ್ಮೇಲೆ ನಾನು ತಿರುಗಿ ನೋಡಲ್ಲ" ಎನ್ನುತ್ತಿದ್ದರು ಶಿವಣ್ಣ. ಈ ದೇಶಕ್ಕೆ ಬಂದ ಮೇಲೆ ನನ್ನ ಬರವಣಿಗೆಗೆ ಯಾರೂ ಅಷ್ಟು ಬೆಲೆ ಕೊಟ್ಟಿರಲಿಲ್ಲ.

ಕೊನೆಯ ವಾರ ಅವರು ಕೆಲಸದ ಮೇಲೆ ಅಟ್ಲಾಂಟಾಕ್ಕೆ ಹೋದರು. ಉಳಿದದ್ದು ಒಂದೇ ಹೋಸು, ಎಳೆತ ಸಾಗಿಸುವ ರಬ್ಬರ್ ಕೊಳವೆ. ಹೊರಡುವಾಗ ಹೇಳಿದರು: "ಪಂಪಿಂದ ಬೇರೇನೇ ಲೈನ್ ತಗೊಳ್ಳಿ. ಬ್ರೇಕ್ ಹೋಸಿಗೆ ಮಾತ್ರ ಕೈ ಹಾಕ್ಬೇಡಿ, ಕೈ ಮುಗೀತೀನಿ."

ಬೇರೆ ಲೈನಿಗೆ ಬೇಕಾದ ಜೋಡಣೆಯ ತುಂಡು ಬರಲಿಲ್ಲ. ಶನಿವಾರ ನೀವು ಗಾಡಿ ಓಡಿಸುವುದೆಂದು ಆಗಲೇ ಎಲ್ಲರಿಗೂ ಹೇಳಿಯಾಗಿತ್ತು. ನಾನು — ಬ್ರೇಕಿನ ಹೋಸನ್ನೇ ಕತ್ತರಿಸಿ, ನಡುವೆ ಟಿ ಆಕಾರದ ಪ್ಲಾಸ್ಟಿಕ್ ತುಂಡೊಂದನ್ನು ಸೇರಿಸಿ, ಗೇರ್‌ಬಾಕ್ಸಿಗೆ ಅಲ್ಲಿಂದಲೇ ಎಳೆತ ಕೊಟ್ಟೆ. ಹೋಸು ಬಿಗಿಯುವ ಕ್ಲ್ಯಾಂಪ್ ಒಂದು ಕಡಿಮೆ ಬಿತ್ತು. ರಬ್ಬರು ಬಿಗಿಯಾಗಿಯೇ ಇದೆ ಅನ್ನಿಸಿತು. ಮುಂದಿನ ವಾರ ತುಂಡು ಬಂದೊಡನೆ ಸರಿಪಡಿಸುತ್ತೇನೆ ಅಂದುಕೊಂಡೆ. ನೋಟ್‌ಬುಕ್ಕಿನಲ್ಲಿ ಬರೆದೆ: "ಪಂಪಿನಿಂದ ಪ್ರತ್ಯೇಕ ಲೈನ್. ಸೋರಿಕೆ ಇಲ್ಲ."

ಅದು ಮೊದಲ ಸುಳ್ಳು. ಆಗಿನ್ನೂ ಯಾರಿಗೂ ಏನೂ ಆಗಿರಲಿಲ್ಲ.

ಒಂಬತ್ತು ದಿನ ಚೆನ್ನಾಗಿತ್ತು. "ಬೆಣ್ಣೆ ತರ ಬೀಳುತ್ತೆ ಅಣ್ಣ ಗೇರು!" ಎಂದು ನೀವು ಫೋನ್ ಮಾಡಿ ಹೇಳಿದಿರಿ. ನಾನು ಹಿಗ್ಗಿದೆ. ಜೋಡಣೆಯ ತುಂಡು ಬಂದಿತ್ತು. ನನ್ನ ಕಾರಿನಲ್ಲಿ ಬಿದ್ದಿತ್ತು.

ಹತ್ತನೆಯ ದಿನ ಬೆಳಿಗ್ಗೆ. ಕ್ರೇಟುಗಳನ್ನು ಏರಿಸಿ ಆಗಿತ್ತು. ಹೊಲದಿಂದ ಗೇಟಿಗೆ ಬರುವ ದಾರಿ ಸ್ವಲ್ಪ ಇಳಿಜಾರು. ಶಿವಣ್ಣ ಗೇಟು ತೆಗೆಯಲು ಮುಂದೆ ಹೋಗಿದ್ದರು. ನಾನು ಪಕ್ಕದಲ್ಲಿ ನಿಂತಿದ್ದೆ. ಟ್ರಕ್ಕು ಬಂತು, ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಗಾಜಿನ ಹಿಂದೆ ನಿಮ್ಮ ಮುಖ ಕಂಡಿತು. ನೀವು ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಸೀಟಿನಿಂದ ಅರ್ಧ ಎದ್ದಿದ್ದಿರಿ — ಇಡೀ ಮೈಯ ಭಾರ ಬಿಟ್ಟು ಪೆಡಲು ತುಳಿಯುವವರು ಹಾಗೆ ಏಳುತ್ತಾರೆ. ನಾನದನ್ನು ನೋಡಿದೆ. ಯಾರಿಗೂ ಹೇಳಲಿಲ್ಲ.

"ಬ್ರೇಕ್! ಬ್ರೇಕ್ ಒತ್ತೇ!" ಶಿವಣ್ಣ ಕೂಗಿದರು. ಅಷ್ಟರಲ್ಲಿ ಗಾಡಿ ಅವರನ್ನು ಗೇಟಿಗೆ ಒತ್ತಿತ್ತು.

ಮುಂದಿನದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಗಾಡಿ ನಿಂತಿತು. ನೀವು ಇಳಿದು ಶಿವಣ್ಣನ ಕಡೆ ಓಡಿದಿರಿ. ಇಂಜಿನ್ ಇನ್ನೂ ಓಡುತ್ತಿತ್ತು, ಹುಡ್ಡಿನ, ಅಂದರೆ ಬಾನೆಟ್ಟಿನ, ಒಳಗಿಂದ ಉಸ್ಸ್ ಎಂಬ ಸದ್ದು. ಆ ಸದ್ದು ಯಾವುದೆಂದು ನನಗೆ ತಕ್ಷಣ ಗೊತ್ತಾಯಿತು. ನಾನು ನೆಲಕ್ಕೆ ಬಿದ್ದ ಸ್ನೇಹಿತನ ಬಳಿ ಹೋಗಲಿಲ್ಲ. ಹುಡ್ ಎತ್ತಿದೆ. ಡೀಸೆಲ್ಲಿನ ಅದುರಾಟಕ್ಕೆ ಹೋಸು ಟಿ ತುಂಡಿನಿಂದ ಕಳಚಿ ನೇತಾಡುತ್ತಿತ್ತು. ಅದನ್ನು ಹಿಡಿದು ಒಳಕ್ಕೆ ಒತ್ತಿದೆ. ಸದ್ದು ನಿಂತಿತು. ಇಂಜಿನ್ ಆರಿಸಿದೆ. ಆಮೇಲೆ ಆಂಬುಲೆನ್ಸಿಗಾಗಿ ನೈನ್ ಒನ್ ಒನ್‌ಗೆ ಫೋನ್ ಮಾಡಿದೆ.

ಮೊದಲು ಹೋಸು, ಆಮೇಲೆ ಮನುಷ್ಯ. ಆ ಕ್ರಮವನ್ನು ಈಗ ಬದಲಾಯಿಸಲು ಬರುವುದಿಲ್ಲ.

ಆಂಬುಲೆನ್ಸ್ ಕಾಯುವಾಗ ನೀವು ನನ್ನ ತೋಳು ಹಿಡಿದುಕೊಂಡಿರಿ. "ಅಣ್ಣಾ, ನಾನು ಬ್ರೇಕೇ ಒತ್ತಿದ್ದು. ಕಲ್ಲಿನ ಮೇಲೆ ಕಾಲಿಟ್ಟಂಗಿತ್ತು. ಕೆಳಗೇ ಹೋಗ್ಲಿಲ್ಲ ಅಣ್ಣಾ."

ನಾನು ಹೇಳಿದೆ: "ಗಾಬರೀಲಿ ಹಾಗೆ ಅನ್ಸುತ್ತೆ ಗಿರಿಜಮ್ಮ. ಕಾಲು ಪಕ್ಕದ ಪೆಡಲ್ ಮೇಲೆ ಹೋಗಿರುತ್ತೆ."

ನೀವು ನಿಮ್ಮ ಬಲಗಾಲನ್ನು ನೋಡಿಕೊಂಡಿರಿ — ಬೇರೆ ಯಾರದೋ ಕಾಲನ್ನು ನೋಡುವ ಹಾಗೆ.

ಪೊಲೀಸ್ ಬಂದು ಇಂಜಿನ್ ಹಾಕಿಸಿ ಪೆಡಲು ಒತ್ತಿ ನೋಡಿದ. ಸರಿಯಾಗಿತ್ತು. ಇನ್ಶೂರೆನ್ಸಿನವರು ಕೇಳಿದಾಗ ನಾನು ಕೊಟ್ಟ ಉತ್ತರ: "ಘಟನೆಯ ನಂತರ ಬ್ರೇಕ್ ಸರಿಯಾಗಿ ಕೆಲಸ ಮಾಡುತ್ತಿತ್ತು." ಒಂದೊಂದು ಪದವೂ ನಿಜ. ಅಂಥ ವಾಕ್ಯ ಕಟ್ಟುವುದನ್ನು ನಾನು ಕಲಿತದ್ದು ಡೆಸ್ಕಿನಲ್ಲೇ. ಬೇರೆಯವರ ವರದಿಯಲ್ಲಿ ಅದನ್ನು ಹಿಡಿಯುವುದಕ್ಕಾಗಿ ಕಲಿತದ್ದು. ಅದೇ ವಾರ, ನೀವಿಬ್ಬರೂ ಆಸ್ಪತ್ರೆಗೆ ಹೋಗಿದ್ದ ಹೊತ್ತು ನೋಡಿ, ಟಿ ತುಂಡು ತೆಗೆದು, ಹೊಸ ಹೋಸು ಹಾಕಿ, ಪಂಪಿನಿಂದ ಪ್ರತ್ಯೇಕ ಲೈನ್ ಎಳೆದೆ. ನೋಟ್‌ಬುಕ್ಕೂ ಗಾಡಿಯೂ ಒಂದೇ ಮಾತು ಹೇಳತೊಡಗಿದವು.

ಶಿವಣ್ಣನ ಭುಜದ ಮೂಳೆ ಕೂಡಿಕೊಂಡಿತು. ನೀವು ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ಹೊಲದ ಗುತ್ತಿಗೆ ಬಿಟ್ಟಿರಿ. ಪಾಟ್‌ಲಕ್ಕುಗಳಲ್ಲಿ, ಮನೆಮನೆಯಿಂದ ಅಡುಗೆ ತಂದು ಕೂಡಿ ಉಣ್ಣುವಾಗ, ಶಿವಣ್ಣ ತಟ್ಟೆ ಹಿಡಿದು, "ನೋಡ್ರಪ್ಪ, ಹೆಂಡ್ತಿ ಕಣ್ಣಲ್ಲಿ ಹೊಡೀತಾಳೆ ಅಂತಾರೆ, ನಮ್ಮೋಳು ಟ್ರಕ್ಕಲ್ಲೇ ಹೊಡೆದ್ಲು!" ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ನೀವೂ ನಗುತ್ತೀರಿ, ಆಮೇಲೆ ಪಾತ್ರೆ ತೊಳೆಯಲು ಒಳಗೆ ಹೋಗುತ್ತೀರಿ. ಶಿವಣ್ಣನಲ್ಲಿ ಕೆಟ್ಟ ಮನಸ್ಸಿಲ್ಲ. ಅವರಿಗೆ ಗೊತ್ತಿಲ್ಲ, ಅಷ್ಟೇ. ಗೊತ್ತಿದ್ದವನು ನಾನು — ಅಲ್ಲೇ ಸೋಫಾದಲ್ಲಿ.

ಹೋದ ವರ್ಷ ನಿಮ್ಮ ತಂಗಿಗೆ ಆಪರೇಷನ್ ಆದಾಗ ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ನೀವು ಕೇಳಿದಿರಿ: "ಈ ವಾರ ಯಾರಾದ್ರೂ ಅಟ್ಲಾಂಟಾ ಕಡೆ ಡ್ರೈವ್ ಮಾಡ್ತಿದ್ದೀರಾ?" ಎರಡು ದಿನ ಯಾರೂ ಉತ್ತರಿಸಲಿಲ್ಲ. ನಾನೂ ಓದಿ ಸುಮ್ಮನಿದ್ದೆ. ನಿಮ್ಮ ಪಕ್ಕ ಹತ್ತು ಗಂಟೆ ಕೂರಲು — ಆಗಲಿಲ್ಲ.

ನಾರ್ತ್ ಕೆರೊಲಿನಾದ ರಾಲಿಯ ಕನ್ನಡಿಗರೊಬ್ಬರು ತಮ್ಮ ಹಳೆಯ ಡೀಸೆಲ್ ಟ್ರಕ್ಕಿಗೂ ಹೀಗೆಯೇ ಆಟೊಮ್ಯಾಟಿಕ್ ಹಾಕುತ್ತಾರಂತೆ. ನೋಟ್‌ಬುಕ್ಕಿನ ಪ್ರತಿ ಅವರಿಗೆ ಕಳಿಸಿ ಎಂದು ಕಳೆದ ತಿಂಗಳು ಹೇಳಿದರು ಶಿವಣ್ಣ. ಎಲ್ಲೂ ಅಪಾಯವಿರಬಾರದೆಂದು ಸಾಲು ಸಾಲಾಗಿ ಓದಿದೆ. ಅಪಾಯವಿರಲಿಲ್ಲ. "ಪಂಪಿನಿಂದ ಪ್ರತ್ಯೇಕ ಲೈನ್" — ಮಾಡಬೇಕಾದದ್ದು ಅದೇ. ಅದನ್ನು ನಂಬಿ ಯಾರು ಗಾಡಿ ಕಟ್ಟಿದರೂ ಬ್ರೇಕು ಹಿಡಿಯುತ್ತದೆ. ಆ ಸಾಲು ಜಗತ್ತಿನಲ್ಲಿ ಒಬ್ಬರ ಪಾಲಿಗೆ ಮಾತ್ರ ಸುಳ್ಳು.

ಆ ಸಾಲಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ. ಪಕ್ಕದಲ್ಲಿ ನಡೆದದ್ದನ್ನು ಬರೆದು ಸಹಿ ಹಾಕಿದ್ದೇನೆ. ರಾಲಿಗೂ ಅದೇ ಪ್ರತಿ ಹೋಗಿದೆ. ಇನ್ಶೂರೆನ್ಸಿನವರಿಗೆ ಕಾಗದ ಬರೆದಿದ್ದೇನೆ.

ಕ್ಷಮೆ ಕೇಳುವುದಿಲ್ಲ; ಕೇಳಿದರೆ ಕೊಡುವ ಕೆಲಸ ನಿಮ್ಮ ಮೇಲೆ ಬೀಳುತ್ತದೆ. ಈ ಭಾನುವಾರ ಬೆಳಿಗ್ಗೆ ನಿಮ್ಮ ಮನೆಗೆ ಬರುತ್ತೇನೆ. ಬಾಗಿಲು ತೆಗೆಯದಿದ್ದರೆ ಹಿಂತಿರುಗುತ್ತೇನೆ. ತೆಗೆದರೆ, ಶೆಡ್ಡಿನಲ್ಲಿರುವ ಟ್ರಕ್ಕಿನ ನಾಲ್ಕೂ ಚಕ್ರಕ್ಕೆ ಮರದ ತುಂಡು ಕೊಟ್ಟು, ಗೇರು ಪಾರ್ಕಿನಲ್ಲಿಟ್ಟು, ಇಂಜಿನ್ ಹಾಕುತ್ತೇನೆ. ಬ್ರೇಕಿನ ಹೋಸನ್ನು ಅಂದು ಇದ್ದ ಹಾಗೆ ಕಳಚುತ್ತೇನೆ. ಮೊದಲು ಶಿವಣ್ಣ ಪೆಡಲು ಒತ್ತಿ ನೋಡಲಿ.

ಆಮೇಲೆ ನೀವು ಕೂತು ಬಲಗಾಲು ಇಡಿ. ಅದೇ ಕಲ್ಲು ಸಿಗುತ್ತದೆ. ನಿಮ್ಮ ಕಾಲು ಅದನ್ನು ಗುರುತಿಸುತ್ತದೆ.