ಗೋರಿ ತೋಡಲೊಲ್ಲದ ಭಾಯಿ

ಮೊನ್ನೆ ಬಸ್ಸಿನಲ್ಲಿ ದೇವಸಮುದ್ರದ ಕಡೆ ಹೋಗುವಾಗ, ರಸ್ತೆ ಅಗಲ ಮಾಡಲು ಅಗೆದಿದ್ದ ಹಸಿಮಣ್ಣಿನ ಜೊತೆ ಸುಟ್ಟ ಡೀಸೆಲ್ಲಿನ ವಾಸನೆ ಕಿಟಕಿಯೊಳಗೆ ಬಂತು. ಕೂಡಲೇ ಭಾಯಿ ನೆನಪಾದರು. ಚಳ್ಳಕೆರೆಯಲ್ಲಿ ನಮ್ಮ ಎದುರುಮನೆಯವರು, ಜೆಸಿಬಿ ಓಡಿಸುತ್ತಿದ್ದರು. ಸಂಜೆ ಮನೆಗೆ ಬಂದರೆ ಮೈಯೆಲ್ಲ ಇದೇ ವಾಸನೆ...

ದೇವಸಮುದ್ರದಾಚೆ ನಮ್ಮ ಚಿಕ್ಕಪ್ಪ ಕುರಿ ಮೇಯಿಸುತ್ತಿದ್ದ ಬಯಲಲ್ಲಿ ದೊಡ್ಡ ಗುಂಡುಕಲ್ಲುಗಳನ್ನು ದುಂಡಗೆ ನೆಟ್ಟ ಜಾಗಗಳಿದ್ದವು. ಅಶೋಕನ ಕಾಲಕ್ಕೂ ಹಿಂದಿನವರ ಸಮಾಧಿಗಳು ಎಂದು ಓದಿದವರು ಹೇಳುತ್ತಿದ್ದರು. ನಮ್ಮವರು ಅವನ್ನು ತುಳಿಯುತ್ತಿರಲಿಲ್ಲ, ಅಷ್ಟೆ. ಆ ಬಯಲನ್ನು ಯಾರೋ ಕೊಂಡು ಸೈಟು ಮಾಡಲು ಹೊರಟರು. ನೆಲ ಸಮ ಮಾಡಲು ಬಂದವರು ಭಾಯಿ. ಚಿಕ್ಕಪ್ಪನ ಮನೆಗೆ ಬಂದಿದ್ದ ನಾನು ಆ ದಿನ ಅವನಿಗೆ ಬುತ್ತಿ ಒಯ್ದಿದ್ದೆ.

ಒಂದು ಗುಂಡು ಕಿತ್ತು ಮಣ್ಣೆತ್ತಿದಾಗ ಕಪ್ಪು–ಕೆಂಪು ಮಡಕೆಯ ಚೂರುಗಳ ನಡುವೆ ಮೂಳೆ ಕಾಣಿಸಿತು. ಭಾಯಿ ಇಂಜಿನ್ ನಿಲ್ಲಿಸಿ ಇಳಿದರು. ಮೂಳೆಯನ್ನು ಎರಡೂ ಕೈಯಲ್ಲಿ ಎತ್ತಿ ಗುಂಡಿಯಲ್ಲಿಟ್ಟು ಮಣ್ಣು ಎಳೆದರು.

ಕಂಟ್ರಾಕ್ಟರ್ ಓಡಿಬಂದ. "ಯಾಕೋ ನಿಲ್ಲಿಸ್ದೆ?"

"ಗೋರಿ ಐತೆ ಅಣ್ಣಾ. ನಾನು ಗೋರಿ ತೋಡಲ್ಲ."

"ಲೇ, ಸಾವಿರಾರು ವರ್ಷದ್ದು ಅದು. ಅದಕ್ಕೆ ಅಳೋರು ಯಾರವ್ರೆ ಈಗ?"

"ಅಳೋರಿಲ್ಲ ಅಂದ್ರೆ ಅಗೀಬೋದಾ?"

ಭಾಯಿ ಮತ್ತೆ ಸೀಟು ಹತ್ತಲಿಲ್ಲ. ಬಿಸಿಲಲ್ಲಿ ಆ ಗುಂಡಿಯ ಪಕ್ಕದಲ್ಲೇ ಕೂತರು. ಚಿಕ್ಕಪ್ಪ ಬುತ್ತಿಯ ಅರ್ಧ ರೊಟ್ಟಿ ಅವರಿಗೆ ಕೊಟ್ಟು, ತಾನೂ ಪಕ್ಕದಲ್ಲಿ ಕೂತ. ಊರವರು ತಾಲ್ಲೂಕು ಕಚೇರಿಗೆ ಫೋನು ಮಾಡಿದರು. ಮರುದಿನ ಅಧಿಕಾರಿಗಳು ಬಂದರು, ಫೋಟೋ ತೆಗೆದರು, ಸುತ್ತ ಹಗ್ಗ ಕಟ್ಟಿಸಿ ಕೆಲಸ ನಿಲ್ಲಿಸಿದರು. ಉಳಿಯಿತು ಎಂದುಕೊಂಡೆವು.

ಜೆಸಿಬಿ ಭಾಯಿಯದಲ್ಲ. ಮೂಳೆ ಸಿಕ್ಕ ದಿನ ಸಂಜೆಯೇ ಮಾಲೀಕ ಕೀಲಿ ಕಸಿದುಕೊಂಡಿದ್ದ. "ಅವ್ನನ್ನ ಕರೀಬ್ಯಾಡ್ರಿ, ಕೆಲ್ಸ ಕೆಡಿಸ್ತಾನೆ" ಎಂಬ ಮಾತು ಊರೆಲ್ಲ ಹಬ್ಬಿತು. ಆಮೇಲೆ ಸಾಲಾಗಿ ಸರ್ಕಾರಿ ರಜೆಗಳು ಬಂದವು. ಸೈಟಿನವರು ಆಂಧ್ರದ ಕಡೆಯಿಂದ ಇನ್ನೊಂದು ಜೆಸಿಬಿ ತರಿಸಿ, ಕಚೇರಿ ಬಾಗಿಲು ತೆರೆಯುವುದರೊಳಗೆ ಎಲ್ಲವನ್ನೂ ಸಮ ಮಾಡಿದರು. ಗುಂಡುಗಳನ್ನು ಒಡೆದು ಪಾಯಕ್ಕೆ ತುಂಬಿದರು. 'ಇಲ್ಲಿ ಅಗೆಯುವುದು ಅಪರಾಧ' ಎಂಬ ಬೋರ್ಡು ಅದಾದ ಮೇಲೆ ಬಂತು. ಚಿಕ್ಕಪ್ಪನ ಕುರಿಗಳು ಅದಕ್ಕೆ ಮೈ ಉಜ್ಜಿಕೊಳ್ಳುತ್ತಿದ್ದವು.

ಭಾಯಿ ನನ್ನೊಡನೆ ನೋಡಲು ಬಂದಿದ್ದರು. ಬಹಳ ಹೊತ್ತು ತಲೆ ತಗ್ಗಿಸಿ ಅಡ್ಡಾಡಿದರು. "ಎಲ್ಲಿಟ್ಟಿದ್ದೆ ಅಂತಾನೂ ಗೊತ್ತಾಗ್ತಿಲ್ಲಮ್ಮಾ" ಎಂದರು. ಕೊನೆಯವರೆಗೂ ಗ್ಯಾರೇಜಿನಲ್ಲಿ ಪಂಚರ್ ಹಾಕಿಕೊಂಡಿದ್ದರು... ಹೋದ ವರ್ಷ ತೀರಿಕೊಂಡರು.

ಮೊನ್ನೆ ಅಲ್ಲೇ ಬಸ್ಸಿಳಿದೆ. ಮನೆಗಳೆದ್ದಿವೆ. ಬೋರ್ಡೂ ಇಲ್ಲ. ಗೇಟಿಗೆ ಬಣ್ಣ ಬಳಿಯುತ್ತಿದ್ದವನನ್ನು ಮೊದಲು ಇಲ್ಲಿ ಏನಿತ್ತೆಂದು ಕೇಳಿದೆ.

"ಏನಿರ್ತೈತಕ್ಕಾ? ಬರೀ ಬಯಲು."

ಅಲ್ಲ ಎನ್ನಬೇಕೆಂದರೆ ತೋರಿಸಲು ಒಂದು ಕಲ್ಲೂ ಇರಲಿಲ್ಲ. ನನ್ನ ಮಾತಿಗೆ ಹೌದೆನ್ನಲು ಭಾಯಿಯೂ ಇರಲಿಲ್ಲ.